ಪ್ರಾಚೀನ ಗ್ರೀಕರ ಬಿಳಿ ಸಮಾಧಿ ಹೂಜಿಗಳ ಬಣ್ಣ ಯಾಕೆ ಅಷ್ಟೊಂದು ಅಳಿಸಿಹೋಗಿದೆ?

ಅದರಲ್ಲಿ ಎಷ್ಟೋ ಬಣ್ಣ ಬೆಂಕಿಯನ್ನೇ ಕಂಡಿಲ್ಲ, ಅದಕ್ಕೆ. ಅಥೆನ್ಸಿನ ಕಪ್ಪು-ಕೆಂಪು ಮಡಕೆಗಳ ಚಿತ್ರ ಮಡಕೆಯ ಜೊತೆಗೇ ಬೆಂದು ಗಟ್ಟಿಯಾಗುತ್ತಿತ್ತು. ಲೆಕಿಥೋಸ್ ಎಂಬ ಈ ಬಿಳಿ ಎಣ್ಣೆ ಹೂಜಿಯ ಕಥೆ ಬೇರೆ. ಮೈಗೆ ಬಿಳಿ ಜೇಡಿಮಣ್ಣು ಬಳಿದು ಸುಡುತ್ತಿದ್ದರು. ಕೆಂಪು, ನೀಲಿ, ಹಸಿರನ್ನು ಹೆಚ್ಚಾಗಿ ಆಮೇಲೆ ಹಚ್ಚುತ್ತಿದ್ದರು. ಕೆಲವು ಚಿತ್ರಗಳಲ್ಲಿ ಉಡುಪಿನ ಬಣ್ಣವೆಲ್ಲ ಉದುರಿ, ಅದರಡಿ ಬರೆದಿದ್ದ ಮೈಯ ಗೆರೆ ಮಾತ್ರ ಉಳಿದಿದೆ. ನೋಡಿದವರು ಸುಮ್ನೆ ಬೆತ್ತಲೆ ಅಂದುಕೊಳ್ಳುತ್ತಾರೆ!

ಇಷ್ಟು ನಾಜೂಕಾದದ್ದು ದಿನಬಳಕೆಗೆ ಆಗಲ್ಲ, ಅಲ್ವಾ? ಕ್ರಿ.ಪೂ. 5ನೇ ಶತಮಾನದಲ್ಲಿ ಇವನ್ನು ಮುಖ್ಯವಾಗಿ ಸಮಾಧಿಗೆಂದೇ ಮಾಡುತ್ತಿದ್ದರು. ಹಾಗಾಗಿ ಚಿತ್ರಗಳೂ ಅದಕ್ಕೆ ತಕ್ಕಂತೆ. ಸಮಾಧಿಗಲ್ಲಿಗೆ ಸುತ್ತಲು ಬಟ್ಟೆಪಟ್ಟಿಗಳನ್ನು ಬುಟ್ಟಿಯಲ್ಲಿ ತಂದ ಹೆಂಗಸು, ಸತ್ತವರನ್ನು ದಾಟಿಸುವ ಅಂಬಿಗ ಕಾರೋನ್, ಅವನ ದೋಣಿಯವರೆಗೆ ಕರೆತರುವ ಹರ್ಮಿಸ್ ದೇವರು. ದೇವರುಗಳಿಗಿಂತ ಆ ಬುಟ್ಟಿಯ ಹೆಂಗಸೇ ನನಗೆ ಜಾಸ್ತಿ ಇಷ್ಟ.

ಇನ್ನೊಂದು ತಮಾಷೆ: ಕೆಲವು ದೊಡ್ಡ ಹೂಜಿಗಳ ಕತ್ತಿನ ಕೆಳಗೆ, ಒಳಗಡೆ, ಪುಟ್ಟ ಕುಡಿಕೆಯೊಂದನ್ನು ಕೂರಿಸಿರುತ್ತಾರೆ. ನಾಲ್ಕು ಹನಿ ದುಬಾರಿ ಎಣ್ಣೆ ಸುರಿದರೂ ಹೂಜಿ ಬಾಯಿಮಟ್ಟ ತುಂಬಿದಂತೆ ಕಾಣುತ್ತಿತ್ತು.