300ರ ಪ್ಲಾನ್‌ಗೆ ಹೋಗುವ ಮುಂಚೆ ಲ್ಯಾಪ್‌ಟಾಪಿಗೆ ಒಂದು ಕೇಬಲ್ ಸಿಕ್ಕಿಸಿ ನೋಡಿ

ನಮಸ್ಕಾರ. ನೀವು ಕೇಳಿದ್ದು ಇಷ್ಟು: ಚಿಕ್ಕಮಗಳೂರಲ್ಲಿ ಮನೆ, 100 ಎಂಬಿಪಿಎಸ್ ಫೈಬರ್ ಇದೆ, ಮಹಡಿ ರೂಮಲ್ಲಿ ಕೆಲಸಕ್ಕೆ ಕೂತರೆ 30 ದಾಟಲ್ಲ, ಕೇಬಲ್‌ನವರು 300ಕ್ಕೆ ಹೋಗಿ ಅಂತಿದ್ದಾರೆ, ಹೋಗಬೇಕಾ? ನಾನೂ ಇಲ್ಲೇ ಮೂಡಿಗೆರೆ ಕಡೆಯವನು, ಮನೆಯಿಂದಲೇ ಕೆಲಸ ಮಾಡುವವನು. ನನ್ನ ಕೇಳಿದರೆ ಸದ್ಯಕ್ಕೆ ಬೇಡ.

ಮೊದಲು ಲ್ಯಾಪ್‌ಟಾಪನ್ನು ಕೆಳಗೆ ರೌಟರ್ ಹತ್ತಿರ ಒಯ್ಯಿರಿ. ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. ಬೆಳಿಗ್ಗೆ ಒಂದು ಸಲ, ರಾತ್ರಿ ಊಟದ ಹೊತ್ತಿಗೆ ಇನ್ನೊಂದು ಸಲ. 90-95 ಬಂದರೆ ಅವರು ಕೊಡಬೇಕಾದ್ದು ಮನೆ ಬಾಗಿಲವರೆಗೆ ಬರ್ತಾ ಇದೆ ಅಂತ ಅರ್ಥ. ಕಳೆದುಹೋಗುತ್ತಿರುವುದು ಮೆಟ್ಟಿಲು ಹತ್ತುವಾಗ. ಆಗ 300 ಹಾಕಿಸಿದರೂ ಮಹಡಿಗೆ ಬರುವುದು ಹೆಚ್ಚುಕಡಿಮೆ ಅದೇ 30. ಕೇಬಲ್‌ನಲ್ಲೇ 40 ಬಂತಾ? ಆಗ ಜಗಳ ಆಡಬೇಕಾದ್ದು ಅವರ ಹತ್ತಿರ, ಅದಕ್ಕೆ ಪ್ಲಾನ್ ಬದಲಿಸುವ ಅಗತ್ಯ ಇಲ್ಲ.

ರೌಟರ್‌ನಲ್ಲಿ ಸಾಮಾನ್ಯವಾಗಿ ಎರಡು ವೈಫೈ ಇರುತ್ತವೆ. 2.4 ಗಿಗಾಹರ್ಟ್ಸ್‌ನದು ಗೋಡೆ ದಾಟುತ್ತೆ, ಆದರೆ ನಿಧಾನ. ಪಕ್ಕದ ಮನೆಯವರ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲದರ ಗಲಾಟೆಯೂ ಅಲ್ಲೇ. 5 ಗಿಗಾಹರ್ಟ್ಸ್‌ನದು ವೇಗ, ಆದರೆ ನಮ್ಮ ಕಡೆಯ ಹಳೇ ಮನೆಗಳ ದಪ್ಪ ಗೋಡೆ, ಅದರ ಮೇಲೆ ಕಬ್ಬಿಣ ಹಾಕಿದ ಆರ್‌ಸಿಸಿ ಛಾವಣಿ ಬಂದರೆ ಸುಸ್ತಾಗಿಬಿಡುತ್ತೆ. ಮೇಲೆ ನಿಮ್ಮ ಲ್ಯಾಪ್‌ಟಾಪ್ 2.4ಕ್ಕೆ ಜಾರಿಕೊಂಡಿರುತ್ತೆ, ಬಹುಶಃ ಅದೇ ನಿಮ್ಮ 30.

ಅಷ್ಟಕ್ಕೂ ಎಷ್ಟು ಬೇಕು? ನೆಟ್‌ಫ್ಲಿಕ್ಸ್‌ನವರೇ 4ಕೆಗೆ 15 ಎಂಬಿಪಿಎಸ್ ಸಾಕು ಅನ್ನುತ್ತಾರೆ. ಒಳ್ಳೆ ವಿಡಿಯೋ ಕಾಲ್‌ಗೆ 4ರ ಆಸುಪಾಸು. ಅಮ್ಮ ಟಿವಿಯಲ್ಲಿ ಧಾರಾವಾಹಿ, ಮಕ್ಕಳು ಯೂಟ್ಯೂಬ್, ನೀವು ಮೀಟಿಂಗ್, ಎಲ್ಲ ಸೇರಿದರೂ 100 ತುಂಬುವುದು ಕಷ್ಟ. 300ರ ಲಾಭ ಕಾಣುವುದು ದೊಡ್ಡ ಫೈಲ್ ಇಳಿಸುವವರಿಗೆ. 50 ಜಿಬಿ ಗೇಮ್ 100ರಲ್ಲಿ ಗಂಟೆಗಿಂತ ಸ್ವಲ್ಪ ಜಾಸ್ತಿ ತಗೊಳ್ಳುತ್ತೆ, 300ರಲ್ಲಿ 20-25 ನಿಮಿಷ. ದಿನಾ ಅಂಥ ಕೆಲಸ ಇದೆಯಾ? ಇದ್ದರೆ ಖಂಡಿತ ಹೋಗಿ.

ಹೋಗುವುದಾದರೂ ಕೈಯಲ್ಲಿರುವ ಸಾಮಾನು ತಡೆಯುತ್ತಾ ನೋಡಿ. ಎಷ್ಟೋ ಅಗ್ಗದ ರೌಟರ್‌ಗಳ ಲ್ಯಾನ್ ಪೋರ್ಟ್ 100ರದ್ದೇ. ಅದಕ್ಕೆ 300 ಕೊಟ್ಟರೂ ಹೊರಗೆ ಬರುವುದು 95. ಇನ್ನೊಂದು, ಇದನ್ನು ಯಾರೂ ಹೇಳಲ್ಲ. ಲ್ಯಾನ್ ಕೇಬಲ್‌ನ ತುದಿಯ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಎಂಟು ಎಳೆ ಇರಬೇಕು: ಕಿತ್ತಳೆ, ಹಸಿರು, ನೀಲಿ, ಕಂದು, ಜೊತೆಗೆ ಒಂದೊಂದರದೂ ಬಿಳಿ ಗೆರೆಯ ಜೋಡಿ. ನಮ್ಮ ಬೀದಿಯ ಒಂದು ಮನೆಯಲ್ಲಿ ಕಿತ್ತಳೆ, ಹಸಿರು ಜೋಡಿ ಮಾತ್ರ ಪ್ಲಗ್ಗಿಗೆ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ), ಮಿಕ್ಕ ನಾಲ್ಕನ್ನು ಕತ್ತರಿಸಿ ಹಾಕಿದ್ದರು. 100ಕ್ಕೆ ನಾಲ್ಕೇ ಎಳೆ ಸಾಕು, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. 100 ದಾಟಿ ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ವರೆಗಿನ ವೇಗಕ್ಕೆ, ಎಂಟೂ ಬೇಕೇ ಬೇಕು. ಅವರು ಹೊಸ ಪ್ಲಾನ್, ಹೊಸ ರೌಟರ್ ಎರಡೂ ತಗೊಂಡು, ಆಮೇಲೆ ತಲೆ ಕೆರೆದುಕೊಳ್ಳುತ್ತಾ ಕೂತಿದ್ದರು.

ನಾನು ನಿಮ್ಮ ಜಾಗದಲ್ಲಿದ್ದರೆ ಆ ದುಡ್ಡಲ್ಲಿ ಕೆಳಗಿನ ರೌಟರ್‌ನಿಂದ ಮಹಡಿಗೆ ಒಂದು ಕ್ಯಾಟ್ 6 (ಗಿಗಾಬಿಟ್ ತಡೆಯುವ ಲ್ಯಾನ್ ಕೇಬಲ್) ಎಳೆಸುತ್ತಿದ್ದೆ. ಮೇಲೆ ಗಿಗಾಬಿಟ್ ಪೋರ್ಟ್ ಇರುವ ಇನ್ನೊಂದು ರೌಟರ್ ಇಟ್ಟು, ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ, ಅಂದರೆ ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹಂಚುವ ಕೆಲಸಕ್ಕಷ್ಟೇ, ಹಾಕಿದರೆ ಮುಗೀತು. ಗೋಡೆಗೆ ಸಿಕ್ಕಿಸುವ ಅಗ್ಗದ ರಿಪೀಟರ್ ಬೇಡ. ಬಂದದ್ದನ್ನೇ ಅದೇ ಗಾಳಿಯಲ್ಲಿ ಮತ್ತೆ ಕಳಿಸುವುದರಿಂದ ವೇಗ ಸುಮಾರು ಅರ್ಧ ಆಗುತ್ತೆ. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ವಾಪಸ್ ಕೊಡಿ. ಕರೆಂಟ್ ವೈರ್ ಇರುವ ಪೈಪಲ್ಲೇ ಇದನ್ನೂ ತೂರಿಸಲು ಎಲೆಕ್ಟ್ರಿಷಿಯನ್‌ಗೆ ಬಿಡಬೇಡಿ. ಸುಲಭ ಅಂತ ಅವರು ಹಾಗೆ ಮಾಡಿಬಿಡುತ್ತಾರೆ.

ಇನ್ನು ನಮ್ಮ ಊರಿನ ಕಥೆ ನಿಮಗೇ ಗೊತ್ತಲ್ವಾ, ಜೂನ್ ಬಂತು ಅಂದರೆ ಮರ ಬೀಳುತ್ತೆ, ಕರೆಂಟ್ ಹೋಗುತ್ತೆ. ಎಷ್ಟೋ ಸಲ ಫೈಬರ್ ಸರಿಯಾಗೇ ಇರುತ್ತೆ, ಮನೆಯೊಳಗಿನ ಬಾಕ್ಸ್‌ಗೆ ಕರೆಂಟ್ ಇರಲ್ಲ ಅಷ್ಟೇ. ಇಂಥ ಬಾಕ್ಸ್ ಹೆಚ್ಚಿನವು 12 ವೋಲ್ಟ್‌ನವು. ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪ್ ನೋಡಿಕೊಂಡು ಒಂದು ಚಿಕ್ಕ ಯುಪಿಎಸ್ ತಗೊಳ್ಳಿ. ಮಳೆಗಾಲದಲ್ಲಿ ಮೀಟಿಂಗ್ ಮಧ್ಯೆ ಕಟ್ ಆಗದೆ ಇರುವುದಕ್ಕೆ 300ಕ್ಕಿಂತ ಇದೇ ಜಾಸ್ತಿ ಉಪಯೋಗ ಅಂತ ನನ್ನ ಲೆಕ್ಕ.

ಇಷ್ಟಾದ ಮೇಲೂ 300 ಬೇಕೆನಿಸಿದರೆ ಒಂದೇ ತಿಂಗಳಿಗೆ ಕಟ್ಟಿ, ಆರು ತಿಂಗಳ ಆಫರ್‌ಗೆ ಬೀಳಬೇಡಿ. ಅಪ್‌ಲೋಡ್ ಎಷ್ಟು ಕೊಡುತ್ತೀರಿ ಅಂತ ಮೊದಲೇ ಕೇಳಿ, ಹೇಳಿದ ರೇಟಲ್ಲಿ 18% ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ.