ಓದುಗರ ಪ್ರಶ್ನೆ, ನಮ್ಮ ಉತ್ತರ: ಬಂದವರು ಬರೆದರು, ಇದ್ದವರೂ ಬರೆಯಲಿ

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಕಾಫಿ ತೋಟ, ಜೊತೆಗೆ ಹೋಂಸ್ಟೇ. ಬೇರೆ ಬೇರೆ ದೇಶದವರು ಬಂದು ಉಳಿಯುತ್ತಾರೆ. ಕೆಲವರು ಊರಿಗೆ ಹೋದ ಮೇಲೆ ನಮ್ಮ ಬಗ್ಗೆ ಬರೆಯುತ್ತಾರೆ. ಓದಿದರೆ ಇದು ನಮ್ಮ ಮನೆಯೇನಾ ಅನಿಸುತ್ತದೆ. ನನಗೂ ಬರೆಯುವ ಆಸೆ, ಆದರೆ ನಾನು ಎಲ್ಲಿಗೂ ಹೋದವಳಲ್ಲ. ಪ್ರವಾಸ ಕಥನ ನನ್ನ ಕೈಲಿ ಆಗುತ್ತದಾ?

ಉತ್ತರ: ಆಗುತ್ತದೆ, ದಯವಿಟ್ಟು ಬರೆಯಿರಿ. ಪ್ರವಾಸ ಅಂದರೆ ಒಬ್ಬರು ಹೋಗುವುದು ಮಾತ್ರ ಅಲ್ಲ, ಇನ್ನೊಬ್ಬರ ಮನೆಗೆ ಯಾರೋ ಬರುವುದೂ ಹೌದು. ಬಂದವರ ಕಡೆಯ ಮಾತು ನಮಗೆ ಬೇಕಾದಷ್ಟು ಸಿಕ್ಕಿದೆ. ಜಗಲಿಯಲ್ಲಿ ನಿಂತು ಅವರನ್ನು ನೋಡಿದವರ ಮಾತೇ ಕಡಿಮೆ.

ಕೊಡಗಿನ ಉದಾಹರಣೆಯನ್ನೇ ನೋಡಿ. 1834ರಲ್ಲಿ ಇಂಗ್ಲಿಷರು ಈ ನಾಡನ್ನು ವಶ ಮಾಡಿಕೊಂಡರು. 1855ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದೂ ಇವರೇ, ಕನ್ನಡಕ್ಕೆ ಅವರ ಉಪಕಾರ ದೊಡ್ಡದು. ಆದರೆ ಆ ಪುಸ್ತಕ ಕೊಡಗಿನ ಕಥೆಯ ಜೊತೆಗೆ ಮಿಷನ್ನಿನ ಕಥೆಯನ್ನೂ ಹೇಳಲು ಹೊರಟದ್ದು, ಆದ್ದರಿಂದ ಧರ್ಮ ಪ್ರಚಾರಕ್ಕೆ ಬಂದವರಿಗೆ ಏನು ಕಾಣಬೇಕೋ ಅದೇ ಅಲ್ಲಿ ಜಾಸ್ತಿ ಕಾಣುತ್ತದೆ. 1870ರಲ್ಲಿ ಕೊಡಗಿನ ಬಗ್ಗೆಯೇ ರಿಕ್ಟರ್ ಅವರ ಇಂಗ್ಲಿಷ್ ಕೈಪಿಡಿ ಬಂತು. ಇವನ್ನು ಬಿಸಾಡಿ ಅಂತ ನಾನು ಹೇಳುವುದಿಲ್ಲ, ಆ ಕಾಲದ ಎಷ್ಟೋ ವಿವರ ಅಲ್ಲಿ ಸಿಗುತ್ತದೆ. ಪಕ್ಕದಲ್ಲಿ 1924ರಲ್ಲಿ ಅಚ್ಚಾದ ‘ಪಟ್ಟೋಲೆ ಪಳಮೆ’ಯನ್ನೂ ಇಟ್ಟುಕೊಂಡು ಓದಿ. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವ ಹಾಡುಗಳನ್ನು ಕಲೆಹಾಕಿ ಕನ್ನಡ ಲಿಪಿಯಲ್ಲಿ ಮುದ್ರಿಸಿದ್ದು ಅದು. ಆ ಹಾಡುಗಳಲ್ಲಿ ಹುತ್ತರಿ, ಮದುವೆ, ಸಾವು ಎಲ್ಲವೂ ದುಡಿ ಬಾರಿಸಿ ಹಾಡುವವರ ಬಾಯಿಂದಲೇ ಬರುತ್ತವೆ, ಯಾರಿಗೂ ವಿವರಣೆ ಕೊಡುವ ಧಾಟಿ ಇಲ್ಲ. ಎರಡನ್ನೂ ಓದಿದರೆ ಹೊರಗಿನವರಿಗೆ ಏನು ಕಾಣಲಿಲ್ಲ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ನೀವು ಬರೆಯುವಾಗ ಕಾಡು, ಮಂಜು, ಪಂದಿಕರಿ, ಕಡಂಬುಟ್ಟು ಅಂತ ಶುರು ಮಾಡಬೇಡಿ, ಅದನ್ನು ಬಂದವರೆಲ್ಲ ಬರೆದಿದ್ದಾರೆ. ಅವರು ಕೇಳಿದ ಪ್ರಶ್ನೆ, ನೀವು ಕೊಟ್ಟ ಉತ್ತರ, ಮನಸ್ಸಿನಲ್ಲೇ ಇಟ್ಟುಕೊಂಡ ಉತ್ತರ, ಇವುಗಳಿಂದ ಶುರು ಮಾಡಿ. ಫೋಟೋಗೆ ಕುಪ್ಯಚೇಲೆ (ಕೊಡವ ಗಂಡಸರ ಸಾಂಪ್ರದಾಯಿಕ ಉಡುಪು) ಹಾಕಿಕೊಳ್ಳಿ ಅಂದಾಗ ಮನೆಯ ಹಿರಿಯರ ಮುಖ ಹೇಗಿತ್ತು? ದುಡ್ಡು ಕೊಡುವವರೂ ಹೌದು, ಅತಿಥಿಯೂ ಹೌದು, ಅಂಥವರ ಮುಂದೆ ಎಷ್ಟು ಮಾತಾಡಬಹುದು, ಎಲ್ಲಿ ಸುಮ್ಮನಾಗಬೇಕು? ಇದು ನಿಮಗೆ ಮಾತ್ರ ಗೊತ್ತಿರುವ ವಿಷಯ. ಇನ್ನೊಂದು ಮಾತು, ಹೊರಗಿನವರು ಅಂದರೆ ವಿದೇಶಿಯರು ಮಾತ್ರ ಅಲ್ಲ ಅಲ್ವಾ? ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದು ಲೈನ್ ಮನೆಯಲ್ಲಿ ಇರುವವರಿದ್ದಾರೆ. ಕುಶಾಲನಗರ ದಾಟಿದರೆ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರ ಕಣ್ಣಿಗೆ ನಿಮ್ಮ ತೋಟ ಹೇಗೆ ಕಾಣುತ್ತದೆ ಅಂತಲೂ ಕೇಳಿ ನೋಡಿ.

ಪ್ರಶ್ನೆ: ನಾನು ಸೋಮವಾರಪೇಟೆಯಲ್ಲಿ ಮೇಷ್ಟ್ರು. ಇತಿಹಾಸ ಪುಸ್ತಕ ಇರುವಾಗ ಎರಡು ಸಂಸ್ಕೃತಿಗಳು ಎದುರಾದ ಕಥೆಗೆ ಕಾದಂಬರಿ ಯಾಕೆ ಬೇಕು?

ಉತ್ತರ: ದಾಖಲೆಗೆ ಬಾಯಿಲ್ಲದ ಜಾಗಗಳಿವೆ, ಅದಕ್ಕೆ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನನ್ನು ತೆಗೆದುಕೊಳ್ಳಿ. 1852ರಲ್ಲಿ ತಂದೆಯ ಜೊತೆ ಇಂಗ್ಲೆಂಡಿಗೆ ಹೋದ ಆ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ರಾಣಿ ಅವಳ ಚಿತ್ರ ಬರೆಸಿದರು. 1864ರಲ್ಲಿ ಅವಳು ಅಲ್ಲೇ ತೀರಿಕೊಂಡಳು. ಇಷ್ಟೆಲ್ಲ ಬರೆದಿಟ್ಟವರು ಹೆಚ್ಚಾಗಿ ಇಂಗ್ಲಿಷರೇ. ಆ ಮಗುವಿಗೆ ಮಡಿಕೇರಿಯ ಮಾತು ಕೇಳಬೇಕು ಅನಿಸಿತ್ತಾ? ಅಂಥ ಪ್ರಶ್ನೆಗೆ ಕಥೆಗಾರರೇ ಕೈಹಾಕಬೇಕು.

ಮಾಸ್ತಿಯವರು ‘ಚಿಕವೀರ ರಾಜೇಂದ್ರ’ದಲ್ಲಿ ಇದನ್ನೇ ಮಾಡಿದರು. ಅವರು ಕೊಡಗಿನವರಲ್ಲ, ಕೋಲಾರದ ಕಡೆಯವರು. ಆದರೂ ರಾಜನಿಗೆ ಎದುರಾಗಿ ಇಂಗ್ಲಿಷರ ಜೊತೆ ನಿಂತ ಮಂತ್ರಿ ಬೋಪಣ್ಣನನ್ನು ಬರೀ ದ್ರೋಹಿ ಮಾಡದೆ, ಅವನ ನೋವು, ಸಂದೇಹ, ನಾಡಿನ ಮೇಲಿನ ಕಾಳಜಿ ಎಲ್ಲವನ್ನೂ ತೋರಿಸುತ್ತಾರೆ. ಒಂದು ಎಚ್ಚರಿಕೆ ಮಾತ್ರ ಮಕ್ಕಳಿಗೆ ಹೇಳಿ. ಒಳ್ಳೆಯ ಕಾದಂಬರಿಯನ್ನು ಜನ ಇತಿಹಾಸ ಅಂತಲೇ ನಂಬಿಬಿಡುತ್ತಾರೆ. ಹಾಗಾಗಿ ಎರಡನ್ನೂ ಒಟ್ಟಿಗೆ ಪಾಠ ಮಾಡಿ, ಎಲ್ಲಿ ದಾಖಲೆ ನಿಂತು ಕಲ್ಪನೆ ಶುರುವಾಯಿತು ಅಂತ ಅವರೇ ಹುಡುಕಲಿ.

ಪ್ರಶ್ನೆ: ಪ್ರವಾಸ ಕಥನಕ್ಕೆ ರುಚಿಗೆ ಸ್ವಲ್ಪ ಕಲ್ಪನೆ ಸೇರಿಸಿದರೆ ತಪ್ಪಾ? (ವಿರಾಜಪೇಟೆ)

ಉತ್ತರ: ತಪ್ಪು. ನೀವು ನೋಡಿ ಬಂದ ಊರಿನವರು ಆಡದ ಮಾತನ್ನು ಅವರ ಬಾಯಿಗೆ ಹಾಕಿದರೆ, ಇಲ್ಲ ಅನ್ನಲು ಅವರು ಅಲ್ಲಿರುವುದಿಲ್ಲ. ಕಟ್ಟಿ ಹೇಳಲೇಬೇಕು ಅನಿಸಿದರೆ ಹೆಸರು, ಊರು ಬದಲಿಸಿ ಕಥೆಯನ್ನೇ ಬರೆಯಿರಿ, ಕಥೆ ಅಂತ ಮೇಲೆ ಸ್ಪಷ್ಟವಾಗಿ ಹಾಕಿ.