ಸೈರನ್ ಕೇಳಿದರೆ ಹೊರಗೋ, ಒಳಗೋ?

ನಿನ್ನ ಕೊನೇ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ ಮಾರಾಯ. "ಕೈಗಾ ಇರೋದು ಗೋವಾದಲ್ಲಾ?" ಅಂದೆಯಲ್ಲ, ಈ ಅಣುಸ್ಥಾವರದ ಕೈಗಾ ಗೋವಾದಲ್ಲಿಲ್ಲ. ಕಾರವಾರ ತಾಲೂಕು, ಉತ್ತರ ಕನ್ನಡ ಜಿಲ್ಲೆ. ನಾವು ಮನೆಯಲ್ಲಿ ಕೊಂಕಣಿ ಮಾತಾಡುತ್ತೇವೆ, ಶಾಲೆಯಲ್ಲಿ ಕನ್ನಡ ಓದಿದವರು, ಕಾಯಿಲೆ ಜೋರಾದರೆ ಗೋವಾದ ಬಾಂಬೋಳಿಯ ದೊಡ್ಡ ಆಸ್ಪತ್ರೆಗೆ ಹೋಗುತ್ತೇವೆ. ಇಷ್ಟಕ್ಕೇ ನಮ್ಮನ್ನು ಗೋವಾದವರು ಮಾಡಬೇಡ. ಕಾರವಾರ ಯಾರದ್ದು ಅಂತ ಮಹಾಜನ ಆಯೋಗ 1967ರಲ್ಲೇ ಹೇಳಿಯಾಗಿದೆ, ನೀನು ಮತ್ತೆ ಶುರು ಮಾಡಬೇಡ.

ಇನ್ನು ಆ ದೊಡ್ಡ ಪ್ರಶ್ನೆ. "ಅಣುಸ್ಥಾವರದ ಪಕ್ಕ ಹೇಗೆ ನಿದ್ದೆ ಮಾಡ್ತೀರಿ, ಓಡೋಕೆ ಬ್ಯಾಗ್ ರೆಡಿ ಇಟ್ಕೊಂಡಿರ್ತೀರಾ?" ಅಂತ ಕೇಳಿದೆಯಲ್ಲ. ನಗಬೇಡ, ಬ್ಯಾಗ್ ನಿಜವಾಗಿಯೂ ಇದೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಆಯಿಯ ಬಿಪಿ ಮಾತ್ರೆ, ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇವೆ. ಆದರೆ ಅದು ಕೈಗಾಕ್ಕಲ್ಲ, ಕಾಳಿ ನದಿಗೆ. ಕದ್ರಾ ಅಣೆಕಟ್ಟೆಯ ಗೇಟು ತೆರೆದರೆ ನಮ್ಮ ಕಡೆ ಮೊದಲು ಬರುವುದು ನೀರು. 2019ರ ಆಗಸ್ಟ್‌ನಲ್ಲಿ ಬಂತು, 2021ರ ಜುಲೈನಲ್ಲೂ ಬಂತು.

ಸ್ಥಾವರದ ಬಗ್ಗೆ ನಮಗೆ ಹೆಮ್ಮೆಯೂ ಇದೆ, ಅನುಮಾನವೂ ಇದೆ. 220 ಮೆಗಾವಾಟಿನ ನಾಲ್ಕು ಘಟಕ. ಮೊದಲನೇ ಘಟಕ 2016ರ ಮೇ ತಿಂಗಳಿಂದ 2018ರ ಕೊನೇ ದಿನದವರೆಗೆ, 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮುರಿಯಿತು. ಅದನ್ನು ಓಡಿಸಿದವರಲ್ಲಿ ನಮ್ಮ ಕಡೆಯ ಹುಡುಗರೂ ಇದ್ದಾರೆ. ಹಾಗಂತ 1994ರಲ್ಲಿ ಕಟ್ಟುತ್ತಿದ್ದಾಗಲೇ ರಿಯಾಕ್ಟರ್ ಕಟ್ಟಡದ ಗುಮ್ಮಟದ ಒಳಪದರ ಕಳಚಿ ಬಿದ್ದದ್ದು ಮರೆತಿಲ್ಲ. 2009ರಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಯಾರೋ ವಿಕಿರಣ ಸೂಸುವ ಟ್ರಿಟಿಯಂ ಬೆರೆತ ನೀರು ಸೇರಿಸಿ, 50ಕ್ಕೂ ಹೆಚ್ಚು ಕೆಲಸಗಾರರ ಮೈಗೆ ಅದು ಹೋದದ್ದೂ ನೆನಪಿದೆ. ಬೇಡ ಅಂತ ಹೋರಾಡಿದವರು ಕಡಿಮೆಯೇನಿಲ್ಲ. ಕುಸುಮಾ ಸೊರಬ ಊರೂರು ಸುತ್ತಿದರು. ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೇ ನಿಂತರು, ಸೋತರು. 2018ರ ಡಿಸೆಂಬರ್‌ನಲ್ಲಿ 5 ಮತ್ತು 6ನೇ ಘಟಕಕ್ಕೆ ಸಾರ್ವಜನಿಕ ಅಹವಾಲು ನಡೆದಾಗಲೂ ಗಲಾಟೆಯಾಯಿತು. ಅಣ್ಣ ಧರಣಿಯಲ್ಲಿ, ತಮ್ಮ ಸ್ಥಾವರದ ಕ್ಯಾಂಟೀನ್ ಗುತ್ತಿಗೆಯಲ್ಲಿ. ಇಂಥ ಮನೆ ಬೇಕಾದಷ್ಟಿವೆ. ರಾತ್ರಿ ಇಬ್ಬರೂ ಒಂದೇ ಬಾಂಗ್ಡೆ ಸಾರು ಉಣ್ಣುತ್ತಾರೆ.

ನೀನು ಕೇಳದೇ ಬಿಟ್ಟದ್ದು, ನಮ್ಮ ತಲೆ ತಿನ್ನುವುದು, ಬೇರೆಯೇ ಇದೆ. ಅದಕ್ಕೆ ಸ್ವಲ್ಪ ನಿಯಮ ಹೇಳಬೇಕು, ತಡೆದುಕೋ.

ಸ್ಥಾವರದ ಸುತ್ತ 16 ಕಿಲೋಮೀಟರಿನ ಒಂದು ವೃತ್ತ ಹಾಕಿದ್ದಾರೆ. ತುರ್ತು ಯೋಜನಾ ವಲಯ ಅಂತ ಹೆಸರು. ಮಲ್ಲಾಪುರ, ಕದ್ರಾ ಎಲ್ಲ ಅದರೊಳಗೆ. ಗೋವಾ ಅದರ ಹೊರಗೆ, ನೋಡು, ಇದರಲ್ಲೂ ನಾವೇ. ವೃತ್ತವನ್ನು 16 ಭಾಗ ಮಾಡಿದ್ದಾರೆ, ಸೆಕ್ಟರ್ ಅನ್ನುತ್ತಾರೆ. ಅವಘಡವಾದರೆ ಗಾಳಿ ಯಾವ ಕಡೆ ಬೀಸುತ್ತಿದೆಯೋ ಆ ಸೆಕ್ಟರಿನ ಜನಕ್ಕೆ ಮೊದಲು ಸೂಚನೆ. ನಮ್ಮ ಕಡೆ ಗಾಳಿಯೂ ಒಂದೇ ತರ ಇರುವುದಿಲ್ಲ. ಹಗಲು ಕಡಲ ಕಡೆಯಿಂದ ಬರುತ್ತದೆ, ರಾತ್ರಿ ಘಟ್ಟದಿಂದ ಇಳಿಯುತ್ತದೆ. ಅಂದರೆ ಬೆಳಗ್ಗೆ ಸುರಕ್ಷಿತ ಅನ್ನಿಸಿಕೊಂಡ ಊರು ರಾತ್ರಿ ಆಗಿರಬೇಕಂತಿಲ್ಲ.

ಸ್ಥಾವರದ ಬೇಲಿಯೊಳಗಿನ ತೊಂದರೆಯನ್ನು ಅಲ್ಲಿನವರೇ ನೋಡಿಕೊಳ್ಳುತ್ತಾರೆ. ಬೇಲಿ ದಾಟಿ ಹೊರಗೆ ಬಂದರೆ ಅಧಿಕಾರ ಜಿಲ್ಲಾಧಿಕಾರಿಯದು. ಒಳಗೆ ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಅಭ್ಯಾಸ ನಡೆಯುತ್ತಿರುತ್ತದೆ. ಊರಿನ ಜನರನ್ನು ಸೇರಿಸಿಕೊಂಡು ಮಾಡುವ ದೊಡ್ಡ ಅಣಕು ಕಾರ್ಯಾಚರಣೆ ಎರಡು ವರ್ಷಕ್ಕೊಮ್ಮೆ. ನೋಡಿ ವರದಿ ಬರೆಯುವುದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವೀಕ್ಷಕರು ಬರುತ್ತಾರೆ. ಇಂಥ ಯೋಜನೆ ಇಲ್ಲದೆ, ಅಭ್ಯಾಸ ಆಗದೆ ಸ್ಥಾವರಕ್ಕೆ ಪರವಾನಗಿಯೇ ಇಲ್ಲ. ಇದು ಒಳ್ಳೆಯ ನಿಯಮ, ನನಗೇನೂ ತಕರಾರಿಲ್ಲ.

ತಕರಾರು ಶುರುವಾಗುವುದು ಸೈರನ್ನಿಂದ.

ಸ್ಥಾವರದೊಳಗಿನ ಸೈರನ್ ನಮ್ಮ ಮನೆಯವರೆಗೆ ಕೇಳುವುದಿಲ್ಲ. ಮಳೆಗಾಲದಲ್ಲಿ ನಮಗೆ ಕೇಳುವುದು ಅಣೆಕಟ್ಟೆಯ ಸೈರನ್. ಅದು ಕೂಗಿದರೆ ಏನು ಮಾಡಬೇಕು ಅಂತ ಮಕ್ಕಳಿಗೂ ಗೊತ್ತು. ದನದ ಹಗ್ಗ ಬಿಚ್ಚು, ಬ್ಯಾಗ್ ತಗೋ, ಮನೆ ಬಿಟ್ಟು ಗುಡ್ಡದ ಕಡೆ ನಡಿ. ವಿಕಿರಣದ ಸೂಚನೆ ಬಂದರೆ ಮಾಡಬೇಕಾದ್ದು ಪೂರ್ತಿ ಉಲ್ಟಾ. ಒಳಗೆ ಹೋಗು, ಕಿಟಕಿ ಬಾಗಿಲು ಹಾಕು, ನೀರು, ಅಡುಗೆ ಮುಚ್ಚಿಡು, ಹೇಳುವವರೆಗೆ ಹೊರಗೆ ಬರಬೇಡ. ಒಂದರಲ್ಲಿ ಮನೆಯೊಳಗೆ ಕೂತವರು ಕೆಟ್ಟರು, ಇನ್ನೊಂದರಲ್ಲಿ ಹೊರಗೆ ಓಡಿದವರು ಕೆಟ್ಟರು.

ನಾನು ನೋಡಿದ ಒಂದು ಅಣಕಿನಲ್ಲಿ ಜೀಪು ಸೈರನ್ ಹಾಕಿಕೊಂಡೇ ಕೇರಿಗೆ ಬಂತು. ಮೈಕಿನಲ್ಲಿ "ಇದು ಅಣಕು ಕಾರ್ಯಾಚರಣೆ, ಗಾಬರಿಯಾಗಬೇಡಿ, ಮನೆಯೊಳಗೇ ಇರಿ" ಅಂತ ಕೂಗುತ್ತಿದ್ದರು. ಸೈರನ್ನಿನ ಸದ್ದಿನಲ್ಲಿ ಮಾತು ಯಾರಿಗೆ ಕೇಳಬೇಕು? ಆಯಿ ಅಂಗಳಕ್ಕೆ ಓಡಿ ಬಂದು "ಉದಕ ಆಯ್ಲೆ ಕಿತೆ?" (ನೀರು ಬಂತಾ?) ಅಂತ ನದಿ ಕಡೆ ನೋಡಿದಳು. ಪಕ್ಕದ ಮನೆಯವರು ಆಗಲೇ ಮಗುವನ್ನು ಎತ್ತಿಕೊಂಡು ಗುಡ್ಡದ ದಾರಿ ಹಿಡಿದಿದ್ದರು. ಕಡು ಬೇಸಿಗೆ, ಹೊಳೆಯಲ್ಲಿ ಮೊಣಕಾಲುದ್ದ ನೀರಿಲ್ಲ! ಆದರೂ ಕಾಲು ಕೇಳಬೇಕಲ್ಲ. ನೆರೆ ಕಲಿಸಿದ ಪಾಠ ಅದು. ಎರಡು ವರ್ಷಕ್ಕೊಮ್ಮೆ ಬರುವ ಮೈಕು ಅದನ್ನು ಅಳಿಸಲಾರದು.

ಇನ್ನೊಂದು ತಮಾಷೆ ಕೇಳು. ಬಾಗಿಲು ಕಿಟಕಿ ಹಾಕಿ ಒಳಗಿರಿ ಅನ್ನುತ್ತಾರೆ, ಸರಿ. ನಮ್ಮದು ಹಂಚಿನ ಮನೆ. ಗೋಡೆಗೂ ಮಾಡಿಗೂ ನಡುವೆ ಕೈ ತೂರುವಷ್ಟು ಸಂದಿ. ಒಲೆಯ ಹೊಗೆ ಅಲ್ಲಿಂದಲೇ ಹೋಗಬೇಕು, ಮಳೆಗಾಲದ ಗಾಳಿ ಅಲ್ಲಿಂದಲೇ ಬರಬೇಕು. ಅವತ್ತು ಮನೆ ನೋಡಲು ಬಂದಿದ್ದ ಹುಡುಗ ಆ ಸಂದಿಯನ್ನು ನೋಡಿದ, ತನ್ನ ಹಾಳೆಯನ್ನು ನೋಡಿದ, "ಕಿಟಕಿ ಹಾಕಿದೆ" ಅನ್ನುವ ಕಡೆ ಟಿಕ್ ಹಾಕಿ ಮುಂದೆ ಹೋದ. ಅವನ ತಪ್ಪಲ್ಲ. ಹಾಳೆಯಲ್ಲಿ ಸಂದಿಗೆ ಜಾಗವಿರಲಿಲ್ಲ.

ಸೈರನ್ ವಿಷಯ ನಾನು ಪ್ರತಿ ಸಲ ಎತ್ತುತ್ತೇನೆ. ನೀರಿಗೆ ಒಂದು ಸದ್ದು, ವಿಕಿರಣಕ್ಕೆ ಇನ್ನೊಂದು ಸದ್ದು ಮಾಡಿ, ಕೊಂಕಣಿಯಲ್ಲೂ ಹೇಳಿ ಅಂತ. ಗ್ರಾಮಸಭೆಯಲ್ಲಿ ಕೇಳಿದರೆ ಅಣೆಕಟ್ಟೆಯವರನ್ನು ಕೇಳಿ ಅನ್ನುತ್ತಾರೆ. ಅಣೆಕಟ್ಟೆ ಕಡೆಯವರಿಗೆ ಹೇಳಿದರೆ, ನಮ್ಮದು ನೀರಿನ ಸೈರನ್, ಅದು ಸರಿಯಾಗೇ ಇದೆ ಅನ್ನುತ್ತಾರೆ. ಇನ್ನೊಂದು ಕಚೇರಿಯಲ್ಲಿ ಒಬ್ಬ ಸಾಹೇಬರು ಬಹಳ ಮರ್ಯಾದೆಯಿಂದ ಕೂರಿಸಿ, ಚಹಾ ಕೊಟ್ಟು, "ನೆರೆ, ವಿಕಿರಣ ಎರಡೂ ಒಟ್ಟಿಗೆ ಆಗೋದಿಲ್ಲ ಬಿಡಿ" ಅಂದರು. ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಆದದ್ದು ಏನು ಹಾಗಾದರೆ? 2011ರ ಮಾರ್ಚ್ 11ಕ್ಕೆ ಮೊದಲು ಸುನಾಮಿಯ ನೀರು ಬಂತು, ಆಮೇಲೆ ವಿಕಿರಣ. ಜನರನ್ನು ಅವತ್ತು ರಾತ್ರಿ 3 ಕಿಲೋಮೀಟರ್ ಆಚೆ ಕಳಿಸಿದರು, ಮರುದಿನ ಬೆಳಗ್ಗೆ 10, ಸಂಜೆಯೊಳಗೆ 20. ಇದನ್ನು ಹೇಳಿದೆ. ಇನ್ನೊಂದು ಚಹಾ ಬಂತು.

ನಮ್ಮ ಮಳೆಗಾಲ ಗೊತ್ತಲ್ಲ ನಿನಗೆ. ಕಾರವಾರದ ಕಡೆ ಹೋಗುವ ರಸ್ತೆ ಹೊಳೆಯ ಪಕ್ಕದಲ್ಲೇ ಹೋಗುತ್ತದೆ, ಯಲ್ಲಾಪುರದ ಕಡೆ ಹತ್ತುವ ಘಟ್ಟದಲ್ಲಿ ಗುಡ್ಡ ಕುಸಿಯುತ್ತದೆ. ಕಾರವಾರ ಮುಟ್ಟಿದರೂ ಮುಂದೆ ಗೋವಾ ಕಡೆಗೆ ಕಾಳಿ ದಾಟಬೇಕು. ಹೆದ್ದಾರಿಯ ಹಳೇ ಸೇತುವೆ 2024ರ ಆಗಸ್ಟ್ 7ರಂದು ರಾತ್ರೋರಾತ್ರಿ ಲಾರಿ ಸಮೇತ ನದಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ನಾನು ನೋಡಿದ ಅಣಕುಗಳೆಲ್ಲ ಒಣ ರಸ್ತೆಯಲ್ಲಿ, ಹಗಲಿನಲ್ಲಿ, ಸಾಲಾಗಿ ನಿಂತ ಸರ್ಕಾರಿ ಬಸ್ಸಿನಲ್ಲಿ. ಶಾಲೆಯ ಜಗಲಿಯಲ್ಲಿ ಮೀಟರ್ ಹಿಡಿದು ಮೈ ತಪಾಸಣೆ, ಅಯೋಡಿನ್ ಮಾತ್ರೆಯ ಬಗ್ಗೆ ವಿವರಣೆ, ಆಮೇಲೆ ಉಪ್ಪಿಟ್ಟು. ಮಾತ್ರೆಯ ವಿವರಣೆ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಗಂಟಲಿನ ಥೈರಾಯ್ಡ್ ಗ್ರಂಥಿ ಮೊದಲೇ ಒಳ್ಳೆಯ ಅಯೋಡಿನ್‌ನಿಂದ ತುಂಬಿದ್ದರೆ ವಿಕಿರಣದ ಅಯೋಡಿನ್‌ಗೆ ಜಾಗ ಸಿಗುವುದಿಲ್ಲ, ಅದಕ್ಕೇ ಹೇಳಿದ ಹೊತ್ತಿಗೆ ನುಂಗಬೇಕು, ಮೊದಲೇ ನುಂಗಿ ಕೂರಬಾರದು ಅಂತ. ಆಯಿಗೂ ಅರ್ಥವಾಯಿತು.

ಇದು ನನ್ನ ಒಬ್ಬನ ಗೊಣಗಾಟ ಅಂದುಕೊಳ್ಳಬೇಡ. 2012ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ದೇಶದ ಅಣುಸ್ಥಾವರಗಳ ಬಗ್ಗೆ ಇದನ್ನೇ ಹೇಳಿತ್ತು. ಬೇಲಿಯೊಳಗಿನ ಯೋಜನೆಗಳು ಇವೆ, ಅಭ್ಯಾಸವೂ ಆಗುತ್ತಿದೆ. ಬೇಲಿಯ ಹೊರಗಿನ ಅಭ್ಯಾಸಗಳಲ್ಲಿ ತಯಾರಿ ಸಾಲದು ಅಂತ ಕಂಡಿದೆ. ನಿಯಂತ್ರಣ ಮಂಡಳಿ ಸೂಚಿಸಿದ್ದನ್ನು ಜಾರಿಗೆ ತರಿಸುವ ಅಧಿಕಾರ ಆಗ ಮಂಡಳಿಗೇ ಇರಲಿಲ್ಲ. ಅಂದರೆ ವೀಕ್ಷಕರು ನಮ್ಮ ರಸ್ತೆ ಸರಿಯಿಲ್ಲ ಅಂತ ಬರೆದುಕೊಂಡು ಹೋದರೂ ರಸ್ತೆಯವರ ಪರವಾನಗಿ ಯಾರೂ ಕಸಿಯುವುದಿಲ್ಲ. ಆಸ್ಪತ್ರೆಯ ಕಥೆಯೂ ಅಷ್ಟೇ. ಈ ಜಿಲ್ಲೆಗೆ ಒಂದು ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಕೊಡಿ ಅಂತ 2019ರಲ್ಲೂ 2022ರಲ್ಲೂ ಜನ ಅಭಿಯಾನವನ್ನೇ ಮಾಡಿದರು. ಬೇರೆ ರಾಜ್ಯಗಳಿಗೂ ಕರೆಂಟ್ ಕೊಡುವ ಜಿಲ್ಲೆ, ನೌಕಾನೆಲೆಗೆ ಊರೂರೇ ಬಿಟ್ಟುಕೊಟ್ಟ ಜಿಲ್ಲೆ, ಅಪಘಾತವಾದರೆ ಪಕ್ಕದ ರಾಜ್ಯಕ್ಕೆ ಓಡುತ್ತದೆ. ನೀನು ಕೇಳಬೇಕಿದ್ದ ಪ್ರಶ್ನೆ ಇದು.

"ಮತ್ತೆ ಊರು ಬಿಡಬಾರದಾ?" ಅಂತ ಮುಂದಿನ ಮೆಸೇಜ್ ಹಾಕುತ್ತೀಯ, ಗೊತ್ತು. ಯಾಕೆ ಬಿಡಬೇಕು? ಅಣೆಕಟ್ಟೆಗಿಂತ ಮೊದಲು, ಸ್ಥಾವರಕ್ಕಿಂತ ಮೊದಲು ನಾವಿದ್ದೆವು. ಪ್ರಯೋಗಾಲಯದವರು ನಮ್ಮ ಹಾಲು, ಅಕ್ಕಿ, ಮೀನಿನ ಮಾದರಿ ತಗೊಂಡು ಹೋಗಿ ವಿಕಿರಣದ ಪರೀಕ್ಷೆ ಮಾಡುತ್ತಾರೆ. ನಿನ್ನ ಬೆಂಗಳೂರಿನ ಮೀನನ್ನು ಯಾರು ಪರೀಕ್ಷಿಸುತ್ತಾರೆ ಹೇಳು.

ಸದ್ಯಕ್ಕೆ ನಾವೇ ಒಂದು ದಾರಿ ಮಾಡಿಕೊಂಡಿದ್ದೇವೆ. ಕೇರಿಯ ವಾಟ್ಸಾಪ್ ಗುಂಪಿನಲ್ಲಿ ಸೈರನ್ ಕೇಳಿದ ಕೂಡಲೇ ಯಾರಾದರೊಬ್ಬರು "ನೀರು" ಅಥವಾ "ಅಣಕು" ಅಂತ ಹಾಕಬೇಕು. ಕರೆಂಟ್ ಹೋದರೆ ಟವರ್ರೂ ಹೋಗುತ್ತದೆ, ಹಾಗಾಗಿ ಮಳೆಗಾಲದಲ್ಲಿ ಇದರಿಂದ ಹೆಚ್ಚೇನೂ ಉಪಯೋಗವಿಲ್ಲ. ಮುಂದಿನ ಅಣಕಿಗೆ ಮೊದಲು ಅರ್ಜಿಯನ್ನು ಈ ಸಲ ನೇರವಾಗಿ ಜಿಲ್ಲಾಧಿಕಾರಿಗೇ ಕೊಡೋಣ ಅಂತಿದ್ದೇವೆ. ಕರಡು ಕಳಿಸುತ್ತೇನೆ, ನಿನ್ನ ಆಫೀಸ್ ಭಾಷೆಯಲ್ಲಿ ಸ್ವಲ್ಪ ತಿದ್ದಿಕೊಡು. ಸಂದಿಯ ವಿಷಯ ಮಾತ್ರ ತೆಗೆಯಬೇಡ.